ಎಣಿಕೆಯ ದಿನಕ್ಕೆ ನಾನು ತಿದ್ದಿದ ಪುಟ

ನನ್ನ ತಂಗಿ ವೀಣಾಳ ಮೇಲೆ ಅನುಮಾನ ಬಂದಾಗ, ತಪ್ಪು ಅವಳದಲ್ಲ, ನನ್ನದು ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಅದಕ್ಕೆ ಅರ್ಜಿ ಬೇಕಿರಲಿಲ್ಲ, ಸಾಕ್ಷಿ ಬೇಕಿರಲಿಲ್ಲ, ಒಂದು ಫೋನ್ ಸಾಕಾಗಿತ್ತು. ಆ ಫೋನ್ ಮಾಡದೆ ಹನ್ನೊಂದು ತಿಂಗಳು ದಿನವೂ ಅಜ್ಜಂಪುರದಿಂದ ತರೀಕೆರೆಗೆ ಬಸ್ಸಿನಲ್ಲಿ ಹೋಗಿ ಬಂದೆ. ನಡುವೆ ಗೌರಿ ಹಬ್ಬ ಬಂತು. ತವರಿನ ಪರವಾಗಿ ಅವಳಿಗೆ ಬಾಗಿನ ಕೊಟ್ಟೆ. ಆಗಲೂ ಹೇಳಲಿಲ್ಲ.

ಕೊರೋನಾ ಮುಗಿದ ಮೂರನೆಯ ವರ್ಷ ಅದು. ತರೀಕೆರೆಯಿಂದ ಹೊರಡುವ ನಾಲ್ಕು ಪುಟದ ದಿನಪತ್ರಿಕೆಯೊಂದರಲ್ಲಿ ನಾನು ಪುಟ ಕಟ್ಟುವ ಕೆಲಸದಲ್ಲಿದ್ದೆ. ಪತ್ರಿಕೆಯ ಹೆಸರು ಇಲ್ಲಿ ಬೇಡ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕಿನ ಸುದ್ದಿ ಬಿಟ್ಟರೆ ಅದರಲ್ಲಿ ಬೇರೇನೂ ಇರುತ್ತಿರಲಿಲ್ಲ. ನಾನು ಓದಿದ್ದು ಪಂಚನಹಳ್ಳಿಯಲ್ಲಿ, ಒಂಬತ್ತನೆಯ ತರಗತಿಯವರೆಗೆ. ಅಮ್ಮನಿಗೆ ಕಾಯಿಲೆಯಾಗಿ ಶಾಲೆ ಬಿಟ್ಟಾಗ ವೀಣಾ ನನ್ನ ಸೊಂಟದ ಮೇಲಿದ್ದಳು; ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಮುಂದೆ ಕಡೂರಿನಲ್ಲಿ ಟೈಪಿಂಗ್ ಕಲಿತೆ. ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಮೇಲೆ ಈ ಕೆಲಸ ಸಿಕ್ಕಿತು. ಹದಿನಾರು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದೆ.

ಪುಟ ಕಟ್ಟುವುದೆಂದರೆ ಏನೆಂದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ವರದಿಗಾರರು ಮಧ್ಯಾಹ್ನ ಎರಡರೊಳಗೆ ಸುದ್ದಿ, ಫೋಟೋ ಎರಡನ್ನೂ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು. ನಾನು ಅವನ್ನು ಕಂಪ್ಯೂಟರ್‌ಗೆ ಇಳಿಸಿ, ತಪ್ಪು ತಿದ್ದಿ, ಶೀರ್ಷಿಕೆ ಕೊಟ್ಟು, ಕಾಲಮ್ಮಿಗೆ ಹೊಂದಿಸಿ, ಸಂಜೆ ಆರಕ್ಕೆ ಪುಟ ಮುಗಿಸಿ ಪ್ರೆಸ್ಸಿಗೆ ಕಳಿಸಬೇಕು. ಜಾಹೀರಾತು ಬಂದರೆ ಸುದ್ದಿಗೆ ಜಾಗ ಸಾಲದು. ಆಗ ಕತ್ತರಿಸಬೇಕು. ನಮ್ಮ ಯಜಮಾನರು ಚಂದ್ರಶೇಖರಯ್ಯನವರು, ಪತ್ರಿಕೆಯ ಮಾಲೀಕರೂ ಅವರೇ, ಸಂಪಾದಕರೂ ಅವರೇ, ಮೊದಲ ದಿನವೇ ಹೇಳಿಕೊಟ್ಟ ಪಾಠ ಒಂದೇ: "ಯಾವಾಗ್ಲೂ ಕೊನೆಯಿಂದ ಕತ್ತರಿಸ್ಬೇಕು ಕಣಮ್ಮಾ. ಮೇಲಿಂದ ಕೈ ಹಾಕಿದ್ರೆ ಬೆಳಿಗ್ಗೆ ಫೋನ್ ಬರುತ್ತೆ."

ನಮ್ಮ ಕಡೆಯ ಸಭೆ ಸಮಾರಂಭದ ಸುದ್ದಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಮೊದಲು ಉದ್ಘಾಟಿಸಿದವರ ಮಾತು, ಆಮೇಲೆ ಅಧ್ಯಕ್ಷತೆ ವಹಿಸಿದವರ ಮಾತು, ಕೊನೆಗೆ ಉದ್ದಕ್ಕೆ ಹೆಸರುಗಳು ಮತ್ತು "ಉಪಸ್ಥಿತರಿದ್ದರು". ಆ ಹೆಸರುಗಳಲ್ಲಿಯೂ ಒಂದು ಕ್ರಮವಿದೆ. ಮುಖಂಡರು, ಸೊಸೈಟಿ ನಿರ್ದೇಶಕರು, ಅಧಿಕಾರಿಗಳು, ಪಂಚಾಯ್ತಿಯ ಗಂಡಸು ಸದಸ್ಯರು, ಎಲ್ಲ ಮುಗಿದ ಮೇಲೆ ಹೆಣ್ಣುಮಕ್ಕಳು. ಕೊನೆಯಿಂದ ಕತ್ತರಿಸಿದರೆ ಹೋಗುವುದು ಅವರೇ. ಫೋಟೋದಲ್ಲಿಯೂ ಹಾಗೆ, ಅವರು ನಿಲ್ಲುವುದು ತುದಿಯಲ್ಲಿ, ಕಾಲಮ್ಮಿಗೆ ಹೊಂದಿಸುವಾಗ ಕ್ರಾಪ್ ಆಗುವುದೂ ತುದಿಯೇ. ಹದಿನಾರು ವರ್ಷದಲ್ಲಿ ಹೀಗೆ ಎಷ್ಟು ಜನ ಹೆಂಗಸರನ್ನು ಪುಟದಿಂದ ಕಳಿಸಿದೆನೋ ಲೆಕ್ಕವಿಲ್ಲ. ನಾನೂ ಹೆಂಗಸೇ ಎಂಬ ಯೋಚನೆ ಒಂದು ದಿನವೂ ಬರಲಿಲ್ಲ. ಕೆಲಸ ಎಂದರೆ ಕೆಲಸ.

ವೀಣಾ ಓದಿದಳು. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿ, ಮದುವೆಯಾಗಿ ಕಡೂರಿಗೆ ಬಂದು, ಅಲ್ಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದಳು. ಅವಳಿಗೆ ಪಿಎಚ್.ಡಿ. ಮಾಡುವ ಆಸೆ. ಬೆಂಗಳೂರಿನ ಪ್ರೊಫೆಸರ್ ಮೇಡಂ ಒಬ್ಬರು, ಒಂದು ಅಧ್ಯಯನದಲ್ಲಿ ಚೆನ್ನಾಗಿ ಕೆಲಸ ಮಾಡಿದರೆ ತಮ್ಮ ಕೈಕೆಳಗೆ ಸೇರಿಸಿಕೊಳ್ಳುತ್ತೇನೆಂದು ಹೇಳಿದ್ದರು. ಆ ಅಧ್ಯಯನದ ವಿಷಯ ಅವಳು ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ವಿವರಿಸಿದಳು. ಪ್ರಪಂಚದ ಅನೇಕ ದೇಶಗಳಲ್ಲಿ, ಒಂದೇ ದಿನ, ಸ್ವಯಂಸೇವಕರು ತಂತಮ್ಮ ಊರಿನ ಪತ್ರಿಕೆ ಕೊಂಡು ಎಣಿಸುತ್ತಾರೆ. ಸುದ್ದಿಯಲ್ಲಿ ಎಷ್ಟು ಜನ ಗಂಡಸರು, ಎಷ್ಟು ಜನ ಹೆಂಗಸರು, ಮಾತಾಡಿದವರು ಯಾರು, ಬರೀ ಹೆಸರಿಗೆ ಇದ್ದವರು ಯಾರು, ಫೋಟೋದಲ್ಲಿ ಯಾರು, ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಯಾರನ್ನು ಗುರುತಿಸಿದ್ದಾರೆ, ಸುದ್ದಿ ಬರೆದವರು ಯಾರು. ಎಲ್ಲ ದೇಶಕ್ಕೂ ಒಂದೇ ನಮೂನೆಯ ಹಾಳೆ.

"ದೊಡ್ ದೊಡ್ ದೇಶದ ಪೇಪರ್ ಎಣಿಸೋ ಹಾಳೇಲಿ ನಮ್ ಪೇಪರ್‍ನೂ ಎಣಿಸ್ತಾರಾ?" ಎಂದು ನಾನು ನಕ್ಕೆ.

"ಅದಕ್ಕೇ ಕಣಕ್ಕಾ ಅದು ಚೆಂದ. ಅಲ್ಲೂ ಇದೇ ಪ್ರಶ್ನೆ, ಇಲ್ಲೂ ಇದೇ ಪ್ರಶ್ನೆ."

ಒಂದು ಕಟ್ಟುನಿಟ್ಟು ಇತ್ತು. ಎಣಿಕೆಯ ದಿನ ಯಾವುದೆಂದು ಪತ್ರಿಕೆಯವರಿಗೆ ಮೊದಲೇ ತಿಳಿಯಬಾರದು. ತಿಳಿದರೆ ಆ ದಿನದ ಮಟ್ಟಿಗೆ ಸಿಂಗಾರ ಮಾಡಿಕೊಂಡುಬಿಡುತ್ತಾರೆ, ಎಣಿಸಿ ಏನೂ ಫಲವಿಲ್ಲ. ಅಕ್ಕ ಅದೇ ಪತ್ರಿಕೆಯಲ್ಲಿ ಕೆಲಸ ಮಾಡುತ್ತಾಳೆಂದು ವೀಣಾ ಮೇಡಂಗೆ ಮೊದಲೇ ಬರೆದು ತಿಳಿಸಿದ್ದಳು. ದಿನಾಂಕ ಗುಟ್ಟಾಗಿರಲಿ ಎಂದಷ್ಟೇ ಹೇಳಿ ಅವರು ಒಪ್ಪಿದ್ದರು. ಅವಳು ನನಗೆ ದಿನಾಂಕ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಅಭ್ಯಾಸಕ್ಕೆಂದು ಅವಳು ಒಂದು ವಾರದ ಹಳೆಯ ಸಂಚಿಕೆಗಳನ್ನು ನನ್ನಿಂದ ಇಸಿದುಕೊಂಡಳು. ಮುಂದಿನ ಭಾನುವಾರ ಬಂದು ಅವನ್ನು ನೆಲದ ಮೇಲೆ ಹರಡಿದಳು. ಒಂದು ಫೋಟೋದ ಮೇಲೆ ಪೆನ್ಸಿಲ್ ಇಟ್ಟು ಕೇಳಿದಳು:

"ಅಕ್ಕಾ, ಇಲ್ಲಿ ತುದೀಲಿ ಒಂದು ಕೈ ಇದೆ ನೋಡು. ಹಸಿರು ಬಳೆ. ಈ ಕೈ ಯಾರ್ದು?"

ನೋಡಿದೆ. ಗಿಡ ನೆಡುವ ಕಾರ್ಯಕ್ರಮ. ಆರು ಜನ ಗಂಡಸರು, ಒಂದು ಗಿಡ, ಅದನ್ನು ಹಿಡಿದ ಒಂದು ಬಳೆಯ ಕೈ. ಕೈ ಮಾತ್ರ, ಮುಖ ಚೌಕಟ್ಟಿನ ಆಚೆ. ಕ್ರಾಪ್ ಮಾಡಿದವಳು ನಾನೇ.

"ಯಾರ್ದೋ ಏನೋ. ಜಾಗ ಇರ್ಲಿಲ್ಲ" ಎಂದೆ.

"ಗಿಡ ಹಿಡ್ಕಂಡಿರೋಳೇ ಅವಳು. ಉಳಿದೋರು ಸುಮ್ನೆ ನಿಂತವ್ರೆ."

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ ಎಂದು ಈಗ ತಿಳಿಯುತ್ತದೆ. ಆಗ ಹಾಗೆ ಕೇಳಿಸಲಿಲ್ಲ. ನಾನು ಸೊಂಟದಲ್ಲಿ ಹೊತ್ತು ತಿರುಗಿದ ಹುಡುಗಿ ನನ್ನ ಕೆಲಸದ ತಪ್ಪು ಹುಡುಕಲು ನನ್ನ ಮನೆಗೇ ಬಂದಿದ್ದಾಳೆ ಎನ್ನಿಸಿತು. ಆ ದಿನದಿಂದ ಅವಳ ಪ್ರತಿ ಪ್ರಶ್ನೆಯನ್ನೂ ತಿರುಗಿಸಿ ಮುರುಗಿಸಿ ನೋಡತೊಡಗಿದೆ. ಸುದ್ದಿ ಕತ್ತರಿಸುವುದು ಯಾರು ಎಂದು ಯಾಕೆ ಕೇಳಿದಳು? ಯಜಮಾನರು ನೋಡಿ ಒಪ್ಪುತ್ತಾರಾ ಎಂದು ಯಾಕೆ ಕೇಳಿದಳು? ನಾನು ಹೇಳಿದ್ದನ್ನೆಲ್ಲ ಯಾಕೆ ಬರೆದುಕೊಳ್ಳುತ್ತಾಳೆ?

ಇನ್ನೊಂದು ಭಾನುವಾರ ಅವಳು ಪಕ್ಕದ ಮನೆಯ ಹುಚ್ಚಮ್ಮಜ್ಜಿಯನ್ನು ಮಾತಾಡಿಸಲು ಹೋದಾಗ ಅವಳ ನೋಟ್‌ಬುಕ್ ಕಿಟಕಿಯಲ್ಲಿ ಇತ್ತು. ನಾನು ಕೈ ಒರೆಸಿಕೊಂಡು ತೆಗೆದು ನೋಡಿದೆ. ಅಭ್ಯಾಸದ ಲೆಕ್ಕ ಇತ್ತು: ಆ ವಾರದ ಸಂಚಿಕೆಗಳಲ್ಲೆಲ್ಲ ಮಾತಾಡಿದ ಹೆಂಗಸರು ಮೂರೇ ಮೂರು ಜನ. ಅದರ ಕೆಳಗೆ ಬರೆದಿದ್ದಳು: "ಹೆಸರು ಬಿಡುವುದು ವರದಿಗಾರರೋ, ಪುಟ ಕಟ್ಟುವವರೋ? ಅಕ್ಕನನ್ನು ಕೇಳುವುದು ಹೇಗೆ?" ಮುಂದಿನ ಪುಟದಲ್ಲಿ ಒಂದು ದಿನಾಂಕ, ಕೆಂಪು ಶಾಯಿಯಲ್ಲಿ ಸುತ್ತು. ಅದಕ್ಕೆ ಇನ್ನೂ ಹತ್ತು ದಿನ ಇತ್ತು.

ಅಕ್ಕನ ಮನಸ್ಸು ನೋಯದ ಹಾಗೆ ಹೇಗೆ ಕೇಳಲಿ ಎಂದು ಅವಳು ಯೋಚಿಸುತ್ತಿದ್ದಳು. ಅದು ನನಗೆ ಬಹಳ ತಡವಾಗಿ ಹೊಳೆಯಿತು. ಆ ಗಳಿಗೆಯಲ್ಲಿ ಹೊಳೆದದ್ದು ಬೇರೆ. ಇವಳ ಹಾಳೆಯಲ್ಲಿ ನನ್ನ ಹೆಸರು ಹೋಗುತ್ತದೆ, ಯಜಮಾನರಿಗೆ ತಿಳಿಯುತ್ತದೆ, ನನ್ನ ಕುರ್ಚಿ ಹೋಗುತ್ತದೆ.

ಮಾರನೆಯ ದಿನ ಯಜಮಾನರಿಗೆ ನಾನೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೊರದೇಶದೋರಿಗೆ ತರೀಕೆರೆ ಪೇಪರ್ ಯಾಕಮ್ಮಾ ಬೇಕು? ಇದ್ರಲ್ಲಿ ಏನೋ ಐತೆ. ಆ ಇನ್ನೊಂದು ಪೇಪರ್‍ನೋನು ಹೂಡಿರೋ ಆಟ ಇರ್ಬೇಕು. ನಾಳೆ ಇದನ್ನೇ ಹಿಡ್ಕಂಡು ಸರ್ಕಾರಿ ಜಾಹೀರಾತು ನಿಲ್ಸಿ ಅಂತಾರೆ."

"ಅವಳು ಹಂಗೆ ಮಾಡೋಳಲ್ಲ ಸಾರ್."

"ನಿನ್ ತಂಗಿ ಮಾಡಲ್ಲ, ಮಾಡ್ಸೋರು ಇರ್ತಾರೆ. ನಿಂಗೆ ಅನುಮಾನ ಬರ್ದಿದ್ರೆ ನಂಗ್ಯಾಕೆ ಬಂದು ಹೇಳ್ತಿದ್ದೆ?"

ನೋಟ್‌ಬುಕ್ಕಿನಲ್ಲಿ ಕಂಡ ದಿನಾಂಕವನ್ನು ಅವರ ಮೇಜಿನ ಮೇಲಿನ ಚೀಟಿಯಲ್ಲಿ ಬರೆದೆ.

ಅವರು ಉಪಾಯ ಹೇಳಿದರು. ಆ ದಿನದ ಪುಟದಲ್ಲಿ ಹೆಂಗಸರು ತುಂಬಿರಬೇಕು. ಕಡೂರಿನ ವರದಿಗಾರ ಲೋಕೇಶನಿಗೆ ಫೋನ್ ಮಾಡಿ ಕಾರಣ ಹೇಳದೆ ಅಷ್ಟನ್ನು ಹೇಳಿದೆ. ಅವನು ನಕ್ಕ.

"ಎಲ್ಲಿಂದ ತರ್ಲಿ ಪಂಕಜಕ್ಕಾ? ಮೈಕ್ ಮುಂದೆ ನಿಲ್ಲೋರೆಲ್ಲ ಮೀಸೆ ಇರೋರೇ. ನೀನೇ ಬಂದು ಭಾಷಣ ಮಾಡು, ಬರ್ಕಂಡ್ ಹೋಯ್ತೀನಿ."

"ತಮಾಷೆ ಬೇಡ. ಸಿಕ್ಕಿದ್ದು ಕಳ್ಸು, ಉಳಿದಿದ್ದು ನಾನ್ ನೋಡ್ಕತೀನಿ."

ಉಳಿದದ್ದನ್ನು ನಾನು ನೋಡಿಕೊಂಡೆ. ಎಣಿಕೆಯ ಹಿಂದಿನ ದಿನ ಮಧ್ಯಾಹ್ನ ಸುದ್ದಿಗಳು ಬಂದಾಗ ಎಲ್ಲ ಪಟ್ಟಿಗಳನ್ನೂ ಬುಡಮೇಲು ಮಾಡಿದೆ. ಕೊನೆಯಲ್ಲಿದ್ದ ಹೆಸರುಗಳನ್ನು ಮೇಲಕ್ಕೆ ತಂದೆ. ಆಶಾ ಕಾರ್ಯಕರ್ತೆಯರ ಹೆಸರು, ಸ್ತ್ರೀಶಕ್ತಿ ಸಂಘದವರ ಹೆಸರು ಎಲ್ಲ ಹಾಕಿದೆ. ಅಷ್ಟಕ್ಕೆ ನಿಂತಿದ್ದರೆ ಏನೋ. ದೇವನೂರು ಕಡೆಯ ಒಂದು ಗ್ರಾಮ ಪಂಚಾಯ್ತಿಯಲ್ಲಿ ಕುಡಿಯುವ ನೀರಿನ ಘಟಕದ ಉದ್ಘಾಟನೆ ಆಗಿತ್ತು. ಅಧ್ಯಕ್ಷೆ ಗೌರಮ್ಮ ಟೇಪು ಕತ್ತರಿಸಿದ್ದರು. ಮಾತಾಡಿದ್ದು ಅವರ ಗಂಡ. ಲೋಕೇಶ ಇದ್ದದ್ದನ್ನು ಇದ್ದ ಹಾಗೆ ಕಳಿಸಿದ್ದ. ನಾನು ಗಂಡನ ಹೆಸರು ತೆಗೆದು ಗೌರಮ್ಮನ ಹೆಸರು ಹಾಕಿ, ಮಾತನ್ನು ಇನ್ನೂ ಸ್ವಲ್ಪ ಬೆಳೆಸಿದೆ. "ಎರಡು ತಿಂಗಳಲ್ಲಿ ಪ್ರತಿ ಮನೆಗೂ ನಲ್ಲಿ ಸಂಪರ್ಕ ಕೊಡಿಸುವುದು ನನ್ನ ಜವಾಬ್ದಾರಿ" ಎಂದು ಅವರು ಹೇಳಿದರೆಂದು ಬರೆದೆ. ಕೊಬ್ಬರಿ ದರದ ಸುದ್ದಿಯಲ್ಲಿ, ಅಜ್ಜಂಪುರದ ಶಾಲೆಯ ಸುದ್ದಿಯಲ್ಲಿ, ಹೀಗೆ ಇನ್ನೂ ಹಲವು ಕಡೆ ಆಡದ ಮಾತುಗಳನ್ನು ಆಡಿಸಿದೆ.

ಇದನ್ನು ಮುಚ್ಚಿಡಬಾರದು: ಆ ಸಂಜೆ ನನಗೆ ಖುಷಿಯಾಗಿತ್ತು. ಪುಟದ ತುಂಬ ಹೆಣ್ಣು ಹೆಸರುಗಳು ನೋಡಲು ಚೆನ್ನಾಗಿದ್ದವು. ಸುಳ್ಳೆಂದು ನನ್ನ ಬೆರಳಿಗೆ ಗೊತ್ತಿತ್ತು, ಕಣ್ಣಿಗೆ ಮಾತ್ರ ಹಿತವಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ವೀಣಾ ಕಡೂರು ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದಳು. ಹಿಂದೆ ಕಂಡಕ್ಟರ್ ಕೂಗುವುದು ಕೇಳುತ್ತಿತ್ತು.

"ಅಕ್ಕಾ, ಇವತ್ತು ನಿಮ್ ಪೇಪರ್‍ಗೆ ಏನಾಗಿದೆ?"

"ಏನಾಗಿದೆ? ದಿನಾ ಇರೋ ಹಂಗೇ ಐತೆ."

"ದಿನಾ ಇರೋ ಹಂಗೆ ಇಲ್ಲ."

"ನಾನೇನು ಓದ್ತೀನಾ ಅದನ್ನ? ಬಂದಿದ್ದು ಜೋಡಿಸ್ತೀನಿ, ಅಷ್ಟೇ."

ಅವಳು "ಸರಿ" ಎಂದು ಫೋನ್ ಇಟ್ಟಳು. ಮುದ್ರಣವಾದದ್ದನ್ನು ಮಾತ್ರ ಎಣಿಸಬೇಕೆಂಬುದು ಅವರ ನಿಯಮ. ಅವಳು ನಿಯಮದಂತೆ ಎಣಿಸಿದಳು. ಮಾತಾಡಿದ ಹೆಂಗಸರು ಹತ್ತೊಂಬತ್ತು ಜನ. ಹಾಳೆ ಕಳಿಸಿದಳು.

ಹಾಳೆಗಳನ್ನು ಕೂತು ಪರೀಕ್ಷಿಸುವವರು ಬೆಂಗಳೂರಿನಲ್ಲಿದ್ದರು. ವೀಣಾಳ ಅಭ್ಯಾಸದ ಲೆಕ್ಕವೂ ಅವರ ಬಳಿ ಇತ್ತು. ವಾರಕ್ಕೆ ಮೂರು ಜನ ಮಾತಾಡುತ್ತಿದ್ದ ಪತ್ರಿಕೆಯಲ್ಲಿ ಒಂದೇ ದಿನ ಹತ್ತೊಂಬತ್ತು ಜನ ಎದ್ದು ನಿಂತರೆ ಯಾರಿಗಾದರೂ ಅನುಮಾನ ಬರುತ್ತದೆ. ಅವರು ಮರುದಿನದ ನಮ್ಮ ಪತ್ರಿಕೆಯನ್ನೂ ತರಿಸಿ ನೋಡಿದರು. ಅದರಲ್ಲಿ ಒಬ್ಬಳೂ ಇರಲಿಲ್ಲ. ನಾನು ಹಳೆಯ ಕ್ರಮಕ್ಕೆ ಮರಳಿದ್ದೆ. ಅಧ್ಯಯನ ಮಾಡುವವಳ ಅಕ್ಕ ಅಲ್ಲಿಯೇ ಕೆಲಸದಲ್ಲಿರುವುದು ಕಾಗದದ ಮೇಲೆ ಇದ್ದೇ ಇತ್ತು. ದಿನಾಂಕ ನೀನು ಹೇಳಿದೆಯಾ ಎಂದು ಮೇಡಂ ವೀಣಾಳನ್ನು ಕೇಳಿದರು.

ಆ ಸಂಜೆ ಅವಳು ನೇರ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟವಳು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ಅಕ್ಕಾ, ಒಂದೇ ಮಾತು. ನನ್ ನೋಟ್‌ಬುಕ್ ನೋಡಿದ್ಯಾ?"

"ನಿನ್ ನೋಟ್‌ಬುಕ್ ನಂಗ್ಯಾಕೆ?"

"ನೋಡಿದ್ರೆ ಹೇಳ್ಬಿಡು. ಬಯ್ಯಲ್ಲ. ನಂಗೆ ಗೊತ್ತಾಗ್ಬೇಕು ಅಷ್ಟೇ."

ಆಗ ನಾನು ಬಳಸಿದ ಮಾತು ಈಗಲೂ ನನ್ನನ್ನು ಸುಡುತ್ತದೆ. "ನಾನೇನು ಓದ್ದೋಳೇನೇ, ನಿನ್ ಬರಹ ನಂಗೆ ತಿಳಿಯೋಕೆ? ನಿನ್ನ ಎತ್ತಿ ಸಾಕೋಕೆ ನಾನು ಬಿಟ್ಟಿದ್ದು ಶಾಲೆ. ಈಗ ನಾಲಕ್ ಅಕ್ಷರ ಬಂತು ಅಂತ ಕಳ್ಳೀ ಅಂತೀಯಾ?"

ಅವಳ ಮುಖ ಬಾಡಿತು. "ಹಂಗಂದ್ನಾ ನಾನು?" ಎಂದಳು. ಕಾಫಿ ಕುಡಿಯದೆ ಎಂಟೂಕಾಲರ ಬಸ್ಸಿಗೆ ಹೋದಳು. ಅವಳು ಮೇಡಂಗೆ ಕಳಿಸಿದ ವಿವರಣೆಯನ್ನು ಮುಂದೆ ಅವಳೇ ತೋರಿಸಿದಾಗ ಅವಳ ಫೋನಿನಲ್ಲಿ ಓದಿದೆ. "ದಿನಾಂಕವನ್ನು ನಾನು ಯಾರಿಗೂ ಹೇಳಿಲ್ಲ. ನನ್ನ ಅಕ್ಕನಿಗೆ ಇದಾವುದೂ ತಿಳಿಯದು, ದಯವಿಟ್ಟು ಅವಳನ್ನು ಇದರಲ್ಲಿ ಎಳೆಯಬೇಡಿ." ನನ್ನನ್ನು ಆಚೆ ಇಟ್ಟ ಮೇಲೆ ಅಪವಾದ ಹೊರಲು ಉಳಿದವಳು ಅವಳೊಬ್ಬಳೇ. ಅವಳ ಹಾಳೆಗಳನ್ನು ಪಕ್ಕಕ್ಕೆ ತೆಗೆದಿಟ್ಟರು. ಪಿಎಚ್.ಡಿ. ವಿಷಯ ಮೇಡಂ ಮತ್ತೆ ಎತ್ತಲಿಲ್ಲ. ಇವಳು ಫೋನ್ ಮಾಡಿದರೆ ಮೀಟಿಂಗ್‌ನಲ್ಲಿದ್ದೇನೆ ಎಂಬ ಮೆಸೇಜು ಬರುತ್ತಿತ್ತು.

ಅದಾಗಿ ಮೂರು ವಾರಕ್ಕೆ ಗೌರಮ್ಮ ನಮ್ಮ ಆಫೀಸಿಗೆ ಬಂದರು. ದೇವನೂರಿನಿಂದ ಕಡೂರು, ಕಡೂರಿನಿಂದ ತರೀಕೆರೆ, ಎರಡು ಬಸ್ಸು ಹತ್ತಿ ಬಂದಿದ್ದರು. ಚೀಲದಿಂದ ಮಡಚಿದ ಪತ್ರಿಕೆ ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಯಜಮಾನರು ಊರಲ್ಲಿರಲಿಲ್ಲ.

"ಯಾರವ್ವಾ ಇದ್ನ ಬರ್ದಿದ್ದು? ನಾನು ಮಾತೇ ಆಡಿಲ್ಲ."

ಲೋಕೇಶ ಕಳಿಸಿದ್ದು ಎನ್ನಬಹುದಿತ್ತು. "ನಾನೇ" ಎಂದೆ.

"ಮನೆ ಮುಂದೆ ಜನ ಪೇಪರ್ ಹಿಡ್ಕಂಡು ನಿಂತವ್ರೆ, ಎಲ್ಲವ್ವಾ ನಲ್ಲಿ ಅಂತ. ನಮ್ಮೆಜಮಾನ್ರು ಯಾವಾಗ ಹೇಳ್ದೆ ಇದ್ನ, ನನ್ ಕೇಳ್ದೆ ಅಂತ ಕೂಗಾಡ್ತಾರೆ. ಹೇಳಿಲ್ಲ ಅಂದ್ರೆ ಪೇಪರ್ ಸುಳ್ ಹೇಳುತ್ತಾ ಅಂತಾರೆ."

"ತಪ್ಪಾಗೈತೆ. ನಿಮ್ ಹೆಸ್ರು ಬರ್ಲಿ ಅಂತ..."

"ಹೆಸ್ರು ಬರ್ಲಿ ಅಂತ ನಾನ್ ಕೇಳಿದ್ನಾ? ನಾನ್ ಹೇಳ್ಬೇಕಾಗಿದ್ದೇ ಬ್ಯಾರೆ ಇತ್ತು. ಆ ನೀರಿನ ಘಟಕ ಕಟ್ಟಿರೋದು ಬ್ರಾಂದಿ ಅಂಗಡಿ ಪಕ್ಕ. ಸಂಜೆ ಹೆಣ್ಮಕ್ಕಳು ಬಿಂದ್ಗೆ ಹಿಡ್ಕಂಡು ಹೆಂಗ್ ಹೋಗ್ಬೇಕು ಅಲ್ಲಿಗೆ? ಬ್ಯಾಡ ಅಂತ ಮೀಟಿಂಗ್‌ನಾಗೆ ಎರಡು ಸಲ ಹೇಳ್ದೆ, ಯಾರೂ ಬರ್ಕಳ್ಳಿಲ್ಲ. ನಿಮ್ಮೋರು ಬಂದ್ರು, ಕತ್ರಿ ಹಿಡ್ಕಳಿ ಅಂದ್ರು, ಫೋಟೋ ಹೊಡ್ಕಂಡ್ರು, ಹೋದ್ರು. ನೀನೂ ಒಂದ್ ಫೋನ್ ಮಾಡಿ ಕೇಳ್ಲಿಲ್ಲ. ಹೆಣ್ಣಾಗಿ."

ಅವರು ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. ಪತ್ರಿಕೆಯನ್ನು ಬಂದ ಮಡಿಕೆಯಲ್ಲೇ ಮಡಚಿ ಚೀಲಕ್ಕೆ ಹಾಕಿಕೊಂಡು, ತಿದ್ದುಪಡಿ ಹಾಕಿ ಎಂದು ಹೇಳಿ ಹೋದರು. ಆ ಸಂಜೆ ಅವರು ಹೇಳಿದ್ದನ್ನೆಲ್ಲ ಒಂದು ಸುದ್ದಿಯಾಗಿ ಟೈಪ್ ಮಾಡಿ, ತಿದ್ದುಪಡಿಯನ್ನೂ ಸೇರಿಸಿ ಯಜಮಾನರಿಗೆ ಕಳಿಸಿದೆ. ಅವರು ಫೋನಿನಲ್ಲಿಯೇ ಬೇಡವೆಂದರು.

"ತಿದ್ದುಪಡಿ ಹಾಕಿದ್ರೆ ಆವತ್ತಿಂದೆಲ್ಲ ಬಯಲಾಗುತ್ತೆ ಕಣಮ್ಮಾ. ಬಯಲಾದ್ರೆ ಮೊದ್ಲು ಹೋಗೋದು ಯಾರು, ನೀನೇ ಯೋಚ್ನೆ ಮಾಡು."

ಯೋಚನೆ ಮಾಡಿದೆ. ಮೊದಲು ಹೋಗುವುದು ನಾನೇ. ಎರಡನ್ನೂ ಅಳಿಸಿದೆ. ವೀಣಾ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಬಂದರೂ ನೋಟ್‌ಬುಕ್ ತರುತ್ತಿರಲಿಲ್ಲ. ನಾನು ಹತ್ತಿರ ಹೋದರೆ ಫೋನನ್ನು ಮಗುಚಿ ಇಡುತ್ತಿದ್ದಳು. ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂದು ನಾನು ಅವಳ ಮುಖ ನೋಡುವುದು, ನಾನು ನೋಡುವುದನ್ನು ಅವಳು ನೋಡುವುದು, ಹೀಗೆ ನಡೆಯಿತು.

ಹನ್ನೊಂದನೆಯ ತಿಂಗಳು ವೀಣಾಳ ಕಾಲೇಜಿನಿಂದ ಆಹ್ವಾನ ಪತ್ರಿಕೆ ಬಂತು. ಸುದ್ದಿ ಮಾಧ್ಯಮದಲ್ಲಿ ಹೆಣ್ಣು ಗಂಡು ಸಮಾನತೆ ಕುರಿತು ವಿಚಾರ ಸಂಕಿರಣ, ಅಧ್ಯಯನದ ಫಲಿತಾಂಶ ಹೇಳಲು ಬೆಂಗಳೂರಿನ ಮೇಡಂ ಬರುತ್ತಾರೆ. ಲೋಕೇಶ ಮದುವೆಗೆ ಹೋಗಿದ್ದ. "ನೀನೇ ಹೋಗಿ ಫೋಟೋ ತಗಂಡ್ ಬಾ, ಏನಂತಾರೆ ಅನ್ನೋದೂ ಗೊತ್ತಾಗುತ್ತೆ" ಎಂದರು ಯಜಮಾನರು.

ಮುಂದೆ ಆದದ್ದರಲ್ಲಿ ಹೇಳಬೇಕಾದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಸಂಕಿರಣದ ಮರುದಿನದಿಂದ ನನಗೆ ಪತ್ರಿಕೆಯ ಕೆಲಸವಿಲ್ಲ. ಈಗ ಅಜ್ಜಂಪುರದಲ್ಲಿ ತಾಲ್ಲೂಕು ಕಚೇರಿಯ ಹತ್ತಿರ ಒಂದು ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತೇನೆ. ವೀಣಾಳ ತಪ್ಪಿಲ್ಲವೆಂದು ಮೇಡಂ ಬರೆದು ಕೊಟ್ಟರು. ಆದರೆ ಆ ವರ್ಷದ ಪಿಎಚ್.ಡಿ. ಸೀಟು ಬೇರೆಯವರಿಗೆ ಹೋಗಿ ಆಗಿತ್ತು. ಮತ್ತೆ ಅರ್ಜಿ ಹಾಕಿದ್ದಾಳೆ. ಗೌರಮ್ಮನಿಗೆ ಫೋನ್ ಮಾಡಿ, ನಡೆದದ್ದನ್ನು ಊರಿನವರಿಗೆ ಬೇಕಾದರೆ ನಾನೇ ಬಂದು ಹೇಳುತ್ತೇನೆ ಎಂದೆ. "ಬಾ" ಎಂದರು. ಹೋಗಿ ಹೇಳಿ ಬಂದೆ. ಕೆಲಸ ನನಗೆ ಕಲಿಸಿದ್ದು ಇಷ್ಟು: ಕೊನೆಯಲ್ಲಿರುವವರನ್ನು ಕತ್ತರಿಸುವುದೂ, ಕೇಳದೆ ಅವರ ಬಾಯಿಗೆ ಮಾತು ಇಡುವುದೂ ಒಂದೇ ಕತ್ತರಿಯ ಕೆಲಸ. ಅರ್ಜಿ ಬರೆಸಲು ಗಂಡನೋ ಮಗನೋ ಮುಂದೆ ಬಂದು ನಿಂತರೆ, ಅರ್ಜಿ ಯಾರ ಹೆಸರಿನಲ್ಲಿದೆಯೋ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಅವರು ಹೇಳಿದ ಮೇಲೆಯೇ ಈಗ ಕೀಲಿ ಒತ್ತುತ್ತೇನೆ.

ಕಾಲೇಜಿನ ಸಭಾಂಗಣದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ ಶುರುವಾಯಿತು. ವೀಣಾಳಿಗೆ ವೇದಿಕೆಯ ಮೇಲೆ ಕುರ್ಚಿ ಇರಲಿಲ್ಲ. ಬಂದವರಿಗೆ ನೀರಿನ ಬಾಟಲಿ ಕೊಡುವ ಕೆಲಸ ಕೊಟ್ಟಿದ್ದರು. ನನ್ನನ್ನು ನೋಡಿ, "ನೀನ್ಯಾಕೆ ಬಂದೆ?" ಎನ್ನುವಂತೆ ಹುಬ್ಬೆತ್ತಿದಳು. ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ಉಪನ್ಯಾಸಕರು ಅವಳನ್ನು ನೋಡಿಕೊಂಡು ಮಾತಾಡುತ್ತಿದ್ದರು.

"ಇವ್ರೇ ಕಣ್ರೀ, ಅಕ್ಕನ ಪೇಪರ್ ಅಂತ ನಂಬರ್ ಏರ್ಸಿದ್ದು."

"ನೋಡಿದ್ರೆ ಹಂಗ್ ಕಾಣಲ್ಲ."

"ಕಾಣೋ ಹಂಗೆ ಮಾಡೋರು ಯಾರ್ರೀ ಇರ್ತಾರೆ?"

ಮೇಡಂ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಮಾತಾಡಿದರು. ಬೇರೆ ಬೇರೆ ದೇಶಗಳಲ್ಲಿಯೂ ಸುದ್ದಿಯೊಳಗೆ ಹೆಂಗಸರ ಮಾತು ಗಂಡಸರಿಗಿಂತ ಕಡಿಮೆಯೇ ಇದೆ ಎಂದು ವಿವರಿಸಿದರು. ಕೊನೆಯಲ್ಲಿ, "ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಮಾಹಿತಿ ನಂಬಲು ಯೋಗ್ಯವಾಗಿರಲಿಲ್ಲ. ಆದ್ದರಿಂದ ಅದನ್ನು ಸೇರಿಸಿಲ್ಲ" ಎಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅರ್ಧ ಸಭೆ ತಿರುಗಿ ಬಾಗಿಲ ಬಳಿ ನಿಂತಿದ್ದ ವೀಣಾಳನ್ನು ನೋಡಿತು. ಅವಳು ಬಾಟಲಿಯ ಪೆಟ್ಟಿಗೆಯ ಮೇಲೆ ಬಗ್ಗಿ, ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದಳು.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು. ನಾನು ಎದ್ದು ನಿಂತೆ. ಯಾರೋ ಮೈಕ್ ತಂದು ಕೊಟ್ಟರು. ಇಷ್ಟು ವರ್ಷ ಮೈಕಿನ ಮುಂದೆ ಆಡಿದ ಮಾತುಗಳನ್ನು ಜೋಡಿಸಿದ್ದೆನೇ ಹೊರತು ಮೈಕನ್ನು ಎಂದೂ ಹಿಡಿದಿರಲಿಲ್ಲ.

"ಮೇಡಂ, ಪ್ರಶ್ನೆ ಅಲ್ಲ. ನಾನು ಆ ಪೇಪರ್ ಪುಟ ಕಟ್ಟೋಳು, ಪಂಕಜ ಅಂತ. ಇವಳು ಎಣಿಸಿದ್ದು ಸರಿಯಾಗೇ ಐತೆ. ಸುಳ್ಳಿದ್ದಿದ್ದು ಪೇಪರ್‍ನಾಗೆ. ದಿನಾಂಕ ಇವಳು ನಂಗೆ ಹೇಳ್ಲಿಲ್ಲ. ಇವಳು ಮನೇಲಿ ಇಲ್ದಾಗ ಇವಳ ನೋಟ್‌ಬುಕ್ ತೆಗೆದು ನಾನು ಓದ್ದೆ. ಓದಿ ನಮ್ಮ ಯಜಮಾನ್ರಿಗೆ ಹೇಳ್ದೆ. ಯಾರೂ ಆಡದೇ ಇರೋ ಮಾತ್ನ ನನ್ ಕೈಯಾರೆ ಟೈಪ್ ಮಾಡ್ದೆ."

ಸಭೆಯಲ್ಲಿ ಗದ್ದಲವಾಯಿತು. ಮೇಡಂ ಕೈ ಎತ್ತಿ ಸುಮ್ಮನಿರಿಸಿ, "ಇದನ್ನು ಆಗಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

"ಕೆಲಸ ಹೋಗುತ್ತೆ ಅಂತ ಮೇಡಂ. ಬೇರೆ ಕಾರಣ ಇಲ್ಲ."

ವೀಣಾ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದಿದ್ದಳು. "ಅಕ್ಕಾ, ಸಾಕು, ಕೂತ್ಕೋ" ಎಂದಳು. ಅಲ್ಲಿಯೂ ನನ್ನನ್ನು ಕಾಯಲು ನೋಡುತ್ತಿದ್ದಳು. ನಾನು ಕೂರಲಿಲ್ಲ. ಮೈಕನ್ನು ಕೆಳಗಿಟ್ಟು ಅವಳ ಕಡೆ ತಿರುಗಿದೆ.

"ವೀಣಾ, ನೀನು ಬಾಗಿಲಲ್ಲಿ ನಿಂತು ಕೇಳ್ದಾಗ ನಿನ್ ಮುಖ ನೋಡ್ಕಂಡೇ ಸುಳ್ ಹೇಳ್ದೆ. ಓದಿಲ್ದೋಳು ಅನ್ನೋದ್ನ ಅಡ್ಡ ಇಟ್ಕಂಡು ನಿನ್ನೇ ಬೈದೆ. ನೀನು ನನ್ ಮೇಲೆ ಒಂದ್ ಮಾತು ಬರ್ದಂಗೆ ನೋಡ್ಕಂಡೆ, ನಾನು ನಿನ್ ಮೇಲೆ ಎಲ್ಲಾ ಬರೋಕ್ ಬಿಟ್ಟೆ. ತಪ್ಪಾಯ್ತು ಕಣೇ. ನನ್ನಿಂದ ತಪ್ಪಾಯ್ತು."